ಮಾದರಿಗಳು ಬಂದವು, ಅವುಗಳ ನೆಲ ಬರಲಿಲ್ಲ: ನಗರ ಯೋಜನೆಯ ಶಿಕ್ಷಣ ಕುರಿತು

ಅಹಮದಾಬಾದಿನ ಅಂಚಿನ ಹೊಲಗಳು ಬಡಾವಣೆಯಾಗುವ ಬಗೆ ನಮ್ಮ ಕಡೆಯದಲ್ಲ. ಅಲ್ಲಿ ಸರ್ಕಾರ ರೈತನ ಜಮೀನನ್ನು ಇಡಿಯಾಗಿ ಸ್ವಾಧೀನಪಡಿಸಿಕೊಳ್ಳುವುದಿಲ್ಲ. ಒಂದು ಪ್ರದೇಶದ ಎಲ್ಲ ಹಿಡುವಳಿಗಳನ್ನೂ ನಕ್ಷೆಯ ಮೇಲೆ ಒಟ್ಟುಗೂಡಿಸಿ, ರಸ್ತೆ, ಶಾಲೆ, ಉದ್ಯಾನಗಳಿಗೆ ಬೇಕಾದ ಪಾಲನ್ನು ಎಲ್ಲರಿಂದಲೂ ಕಳೆದು, ಮಿಕ್ಕದ್ದನ್ನು ಸರಿಯಾದ ಆಕಾರದ ನಿವೇಶನಗಳಾಗಿ ಅವರವರಿಗೇ ಮರಳಿಸುತ್ತದೆ. ಏರಿದ ಬೆಲೆಯಲ್ಲಿ ಒಂದು ಭಾಗ ಚರಂಡಿ, ನೀರು, ದೀಪದ ಖರ್ಚಿಗೆ ಹೋಗುತ್ತದೆ. ಇದನ್ನು ಗುಜರಾತಿಗಳ ಸ್ವಂತ ವ್ಯವಹಾರ ಜಾಣ್ಮೆ ಎಂದು ಹೊಗಳುವವರಿದ್ದಾರೆ. ಆದರೆ ಅದರ ಬೇರು ಫ್ರಾಂಕ್‌ಫರ್ಟ್ ನಗರಕ್ಕಾಗಿ ಪ್ರಷ್ಯಾ 1902ರಲ್ಲಿ ಮಾಡಿದ ಒಂದು ಕಾನೂನಿನಲ್ಲಿದೆ. ಅಲ್ಲಿನ ಮೇಯರ್ ಫ್ರಾಂಟ್ಸ್ ಆಡಿಕೆಸ್ ಹೆಸರಿನಿಂದಲೇ ಅದನ್ನು ಗುರುತಿಸುತ್ತಾರೆ. ಆ ಆಲೋಚನೆ 1915ರ ಬಾಂಬೆ ಟೌನ್ ಪ್ಲಾನಿಂಗ್ ಕಾಯ್ದೆಯೊಳಕ್ಕೆ ಬಂತು, 1954ರಲ್ಲಿ ಹೊಸ ಕಾಯ್ದೆಯ ರೂಪ ಪಡೆಯಿತು, 1976ರಲ್ಲಿ ಗುಜರಾತಿನದೇ ಕಾಯ್ದೆಯಾಯಿತು, 1999ರಲ್ಲಿ ಮತ್ತೆ ತಿದ್ದುಪಡಿ ಕಂಡಿತು. ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೂ ಇದಕ್ಕೆ ಅವಕಾಶವಿದೆ, ಬಳಸಿದ್ದು ಮಾತ್ರ ಅಪರೂಪ. ನಾವು ಹಿಡಿದದ್ದು ಇಂಪ್ರೂವ್‌ಮೆಂಟ್ ಟ್ರಸ್ಟುಗಳ ದಾರಿ: ಮುಂಬೈಯಲ್ಲಿ 1898, ಮೈಸೂರಿನಲ್ಲಿ 1903, ಬೆಂಗಳೂರಿನಲ್ಲಿ 1945, ಆಮೇಲೆ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ). ಜಮೀನು ಹಿಡಿ, ಸೈಟು ಕಡಿ, ಹಂಚು. ಬಿಡಿಎಯ ಅರ್ಕಾವತಿ ಬಡಾವಣೆಯ ಭೂಸ್ವಾಧೀನ ವ್ಯಾಜ್ಯಗಳನ್ನು ನೋಡಿದವರಿಗೆ ಈ ದಾರಿ ಎಲ್ಲಿಗೆ ಬಂದು ನಿಂತಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಜಾಗತೀಕರಣದ ಕಾಲದಲ್ಲಿ ನಗರ ಯೋಜನೆಯನ್ನು ಹೇಗೆ ಕಲಿಸಬೇಕು ಎಂಬ ಚರ್ಚೆ ಬಹಳ ಮಟ್ಟಿಗೆ ಈ ಇತಿಹಾಸವನ್ನು ಮರೆತು ನಡೆಯುತ್ತದೆ. ಈ ವಿದ್ಯೆ ಹುಟ್ಟಿನಿಂದಲೇ ಗಡಿ ದಾಟುತ್ತ ಬಂದಿದೆ. ಮೊದಲು ಆಡಳಿತಗಾರರೂ ಇಂಜಿನಿಯರುಗಳೂ ಹೊತ್ತು ತಂದದ್ದನ್ನು ಇಂದು ಸಲಹಾ ಸಂಸ್ಥೆಗಳು, ಸಾಲ ಕೊಡುವ ಬ್ಯಾಂಕುಗಳು, ವಿಶ್ವವಿದ್ಯಾಲಯಗಳ ವಿನಿಮಯ ಕಾರ್ಯಕ್ರಮಗಳು ತರುತ್ತಿವೆ, ಅಷ್ಟೇ. ಚರ್ಚೆಯಲ್ಲಿ ಎರಡು ಪಾಳಯಗಳಿವೆ. ಯಾವ ಖಂಡದಲ್ಲಿ ಬಿಟ್ಟರೂ ಕೆಲಸ ಮಾಡಬಲ್ಲ ವಿಶ್ವಮಟ್ಟದ ಯೋಜಕರನ್ನು ತಯಾರಿಸಬೇಕು ಎನ್ನುವವರು ಒಂದು ಕಡೆ. ಪರದೇಶಿ ಮಾದರಿಗಳ ಮೋಹ ಸಾಕು, ನಮ್ಮ ಊರುಗಳನ್ನೇ ಕಲಿಸಿ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಕೇಳುತ್ತಿರುವುದು ಪಾಠದ ಸಾಮಗ್ರಿ ಎಲ್ಲಿಂದ ಬರಬೇಕು ಎಂಬುದನ್ನು. ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಒಂದು ಮಾದರಿ ಹುಟ್ಟಿದ ಊರಿನಲ್ಲಿ ಅದನ್ನು ಎತ್ತಿ ಹಿಡಿದ ಕಾನೂನು ಯಾವುದು, ಭೂಮಿ ಯಾರ ಕೈಯಲ್ಲಿತ್ತು, ಹಣ ಎಲ್ಲಿಂದ ಬಂತು, ದಿನನಿತ್ಯ ಅದನ್ನು ನಡೆಸಿದವರು ಯಾರು ಎಂದು ಬಿಚ್ಚಿ ನೋಡುವುದನ್ನು ವಿದ್ಯಾರ್ಥಿಗೆ ಕಲಿಸಿದ್ದೇವೆಯೇ? ಹಾಗೆ ಬಿಚ್ಚುವ ಕಣ್ಣು ಹತ್ತು ದೇಶಗಳ ಚಿತ್ರ ತೋರಿಸಿದರೆ ಬರುವುದಿಲ್ಲ. ಯಾವುದಾದರೂ ಒಂದು ಊರನ್ನು ಅದರ ಕಾಗದಪತ್ರ, ಜಗಳ, ಲೆಕ್ಕಗಳ ಸಮೇತ ಓದಿದವನಿಗೆ ಮಾತ್ರ ಅದು ಬರುತ್ತದೆ ಎಂಬುದು ಈ ಲೇಖನದ ವಾದ.

ಕಣ್ಣಿಗೆ ಕಾಣುವುದು ಮಾತ್ರ ಬಂದು, ಅದನ್ನು ಹೊತ್ತು ನಿಂತದ್ದು ಹಿಂದೆಯೇ ಉಳಿದ ಕಥೆಗೆ ಉದ್ಯಾನನಗರದ ಕಲ್ಪನೆಗಿಂತ ಒಳ್ಳೆಯ ಉದಾಹರಣೆ ಇಲ್ಲ. 1898ರಲ್ಲಿ ಅದನ್ನು ಮುಂದಿಟ್ಟ ಎಬೆನೆಜರ್ ಹೊವರ್ಡ್ ವಾಸ್ತುಶಿಲ್ಪಿಯಲ್ಲ, ಇಂಜಿನಿಯರನೂ ಅಲ್ಲ. ಬ್ರಿಟಿಷ್ ಸಂಸತ್ತಿನ ಕಲಾಪವನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದವನು. ಅವನ ಮುಖ್ಯ ಚಿಂತೆ ಗಿಡಮರಗಳದ್ದಾಗಿರಲಿಲ್ಲ. ಊರಿನ ನೆಲವೆಲ್ಲ ಸಮುದಾಯದ ಒಡೆತನದಲ್ಲಿರಬೇಕು, ಊರು ಬೆಳೆದಂತೆ ಏರುವ ನೆಲಬಾಡಿಗೆ ಊರಿಗೇ ಸೇರಬೇಕು, ಅದರಿಂದ ಸಾಲ ತೀರಿ ಮುದುಕರಿಗೆ ಪಿಂಚಣಿ ಕೂಡ ಸಿಗಬೇಕು ಎಂಬುದು ಅವನ ಲೆಕ್ಕಾಚಾರ. 1903ರಲ್ಲಿ ಲೆಚ್‌ವರ್ತ್‌ನಲ್ಲಿ ಕೆಲಸ ಶುರುವಾಯಿತು. ಅಲ್ಲಿಂದ ಲೋಕವೆಲ್ಲ ಹಬ್ಬಿದ ಉದ್ಯಾನನಗರಗಳಲ್ಲಿ ಸಾಲುಮರ ಬಂತು, ಅಂಗಳವಿರುವ ಮನೆ ಬಂತು, ವೃತ್ತಾಕಾರದ ರಸ್ತೆಗಳೂ ಬಂದವು. ನೆಲದ ಒಡೆತನದ ಮಾತು ಹೆಚ್ಚಿನ ಕಡೆ ದಾರಿಯಲ್ಲೇ ಕಳೆದುಹೋಯಿತು. ಗಿಡವನ್ನು ಕಿತ್ತು ತಂದವರು ಬೇರಿನ ಮಣ್ಣನ್ನು ಕೊಡವಿ ತಂದ ಹಾಗೆ. ವಿದ್ಯಾರ್ಥಿ ಪರೀಕ್ಷೆಯಲ್ಲಿ ಹೊವರ್ಡನ ವರ್ತುಲಗಳ ಚಿತ್ರ ಬರೆದು ಅಂಕ ಪಡೆಯುತ್ತಾನೆ. ಆ ವರ್ತುಲಗಳ ಹಿಂದಿನ ಜಮಾಖರ್ಚನ್ನು ಕೇಳಿದರೆ ಅಂಕ ಕಡಿಮೆ ಬರಬಹುದು, ಪಾಠ ಮಾತ್ರ ಉಳಿಯುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನ ಶಿಕ್ಷಣವೂ ಭಾರತಕ್ಕೆ ಬೇಗನೆ ಬಂದಿತ್ತು ಎನ್ನುವುದು ವಿಚಿತ್ರ. ಸ್ಕಾಟ್ಲೆಂಡಿನ ಜೀವವಿಜ್ಞಾನಿ ಪ್ಯಾಟ್ರಿಕ್ ಗೆಡ್ಡಿಸ್ ಮದ್ರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲೆಂಡ್ ಆಹ್ವಾನದ ಮೇಲೆ 1914ರ ಕೊನೆಗೆ ಇಲ್ಲಿಗೆ ಬಂದ. ಅವನ ನಗರ ಪ್ರದರ್ಶನದ ನಕ್ಷೆ, ಚಿತ್ರಗಳನ್ನು ಹೊತ್ತ ಹಡಗನ್ನು ಜರ್ಮನಿಯ ಯುದ್ಧನೌಕೆ ಎಮ್ಡೆನ್ ಮುಳುಗಿಸಿತು. ಗೆಳೆಯರು ಮತ್ತೊಮ್ಮೆ ಸಾಮಗ್ರಿ ಒಟ್ಟುಮಾಡಿ ಕಳಿಸಿದರು. ಮುಂದಿನ ವರ್ಷಗಳಲ್ಲಿ ಅವನು ಸುಮಾರು ಐವತ್ತು ಊರುಗಳ ಬಗ್ಗೆ ವರದಿ ಬರೆದ. ಓಣಿಗಳಲ್ಲಿ ನಡೆದು, ಬಾವಿ, ಕಲ್ಯಾಣಿ, ಗುಡಿಯ ಅಂಗಳಗಳನ್ನು ಗುರುತಿಸಿ, ಇಂಜಿನಿಯರುಗಳು ಅಗಲವಾದ ಹೊಸ ರಸ್ತೆಗಾಗಿ ಕೆಡವಲು ಗುರುತು ಹಾಕಿದ ಮನೆಗಳಲ್ಲಿ ಎಷ್ಟನ್ನು ಉಳಿಸಬಹುದು ಎಂದು ತೋರಿಸಿಕೊಟ್ಟ. ಮೊದಲು ಸಮೀಕ್ಷೆ, ಆಮೇಲೆ ಯೋಜನೆ ಎಂಬುದು ಅವನ ಪಟ್ಟು. 1919ರಲ್ಲಿ ಬಾಂಬೆ ವಿಶ್ವವಿದ್ಯಾಲಯ ಅವನನ್ನು ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರದ ಪ್ರಾಧ್ಯಾಪಕನನ್ನಾಗಿ ಮಾಡಿತು. ಅಂದರೆ ಈ ದೇಶದಲ್ಲಿ ನಗರದ ಪಾಠ ಮೊದಲು ನಿಂತದ್ದು ಸಮಾಜಶಾಸ್ತ್ರದ ಮಗ್ಗುಲಲ್ಲಿ. ಗೆಡ್ಡಿಸ್ 1924ರಲ್ಲಿ ಹೊರಟುಹೋದ ಮೇಲೆ, ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ ಅವರ ಕಾಲದಲ್ಲಿ ಆ ವಿಭಾಗದ ಒಲವು ಜಾತಿ, ಬುಡಕಟ್ಟು, ಕುಟುಂಬಗಳ ಕಡೆ ಹೆಚ್ಚು ಹೊರಳಿತು. ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸ್ ಕಲಿತದ್ದು ಅಲ್ಲಿಯೇ. ಸ್ವಾತಂತ್ರ್ಯಾನಂತರ ನಗರ ಯೋಜನೆಯ ಶಾಲೆಗಳು ಎದ್ದಾಗ ಅವು ವಾಸ್ತುಶಿಲ್ಪ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ನೆರಳಿನಲ್ಲಿ ಎದ್ದವು. ಸಮಾಜವನ್ನು ಬಲ್ಲವರು ನಗರವನ್ನು ಬಿಟ್ಟರು, ನಗರವನ್ನು ಬರೆಯುವವರು ಸಮಾಜವನ್ನು ಬಿಟ್ಟರು. ಈ ಒಡಕನ್ನು ಶಿಕ್ಷಣ ಇನ್ನೂ ಹೊಲಿದಿಲ್ಲ.

ಕರ್ನಾಟಕಕ್ಕೆ ನೇರ ಸಂಬಂಧವಿರುವ, ಆದರೆ ಇಲ್ಲಿ ಅಷ್ಟಾಗಿ ನೆನಪಿಸಿಕೊಳ್ಳದ ಇನ್ನೊಂದು ಹೆಸರು ಓಟೊ ಕೋನಿಗ್ಸ್‌ಬರ್ಗರ್. ಬರ್ಲಿನ್ನಿನಲ್ಲಿ ಓದಿದ ಈ ಯಹೂದಿ ವಾಸ್ತುಶಿಲ್ಪಿ ಹಿಟ್ಲರನ ಆಳ್ವಿಕೆ ಬಂದಾಗ ದೇಶ ಬಿಟ್ಟು, ಈಜಿಪ್ಟಿನಲ್ಲಿ ಕೆಲ ಕಾಲ ಇದ್ದು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವನವು. ಜಮ್‌ಶೆಡ್‌ಪುರಕ್ಕೆ, 1948ರಲ್ಲಿ ಭುವನೇಶ್ವರಕ್ಕೆ ಯೋಜನೆ ಮಾಡಿದ. ಆ ವರ್ಷವೇ ದೆಹಲಿಗೆ ಹೋಗಿ ಕೇಂದ್ರದ ವಸತಿ ನಿರ್ದೇಶಕನಾದ. ದೇಶವಿಭಜನೆಯ ನಿರಾಶ್ರಿತರಿಗೆ ಊರುಗಳನ್ನೇ ಕಟ್ಟಬೇಕಾಗಿದ್ದ ಹೊತ್ತು. ಕಾರ್ಖಾನೆಯಲ್ಲಿ ಗೋಡೆ ಎರಕ ಹೊಯ್ದು ಮನೆ ಜೋಡಿಸುವ ವಿದೇಶಿ ತಂತ್ರವನ್ನು ಆಗ ತರಲಾಯಿತು. ಅದು ಕೈಕೊಟ್ಟಿತು. 1951ರಲ್ಲಿ ಅವನು ಲಂಡನ್ನಿಗೆ ಹೊರಟ.

ಲಂಡನ್ನಿನಲ್ಲಿ ನಡೆದದ್ದು ಶಿಕ್ಷಣದ ಇತಿಹಾಸದಲ್ಲಿ ಮುಖ್ಯವಾದ ತಿರುವು. ಬ್ರಿಟನ್ನಿನಲ್ಲಿ ಓದುತ್ತಿದ್ದ ನೈಜೀರಿಯಾದ ವಿದ್ಯಾರ್ಥಿಯೊಬ್ಬ, ಇಲ್ಲಿ ಕಲಿಸುವುದು ನಮ್ಮ ಹವೆಗೂ ನಮ್ಮ ಊರಿಗೂ ಉಪಯೋಗಕ್ಕೆ ಬರುತ್ತಿಲ್ಲ ಎಂದು ತಕರಾರು ತೆಗೆದಿದ್ದ. 1953ರಲ್ಲಿ ಅದರ ಮೇಲೆ ಸಮ್ಮೇಳನ ನಡೆಯಿತು, 1954ರಲ್ಲಿ ಅಲ್ಲಿನ ಆರ್ಕಿಟೆಕ್ಚರಲ್ ಅಸೋಸಿಯೇಶನ್ ಶಾಲೆಯಲ್ಲಿ ಉಷ್ಣವಲಯದ ವಾಸ್ತುಶಿಲ್ಪದ ವಿಭಾಗ ಶುರುವಾಯಿತು. ಕೆಲ ವರ್ಷಗಳಲ್ಲೇ ಅದರ ಹೊಣೆ ಕೋನಿಗ್ಸ್‌ಬರ್ಗರನ ಮೇಲೆ ಬಿತ್ತು. 1971ರಲ್ಲಿ ಅದು ಯೂನಿವರ್ಸಿಟಿ ಕಾಲೇಜ್ ಲಂಡನ್ನಿಗೆ ಹೋಗಿ ಇಂದಿನ ಡೆವಲಪ್‌ಮೆಂಟ್ ಪ್ಲಾನಿಂಗ್ ಯೂನಿಟ್ ಆಯಿತು. 1964ರಲ್ಲಿ ಅವನು ಮಂಡಿಸಿದ ಕ್ರಿಯಾಯೋಜನೆಯ ವಾದದ ತಿರುಳು ಇದು: ಬಿರುಸಾಗಿ ಬೆಳೆಯುವ ಬಡ ನಗರಕ್ಕೆ ವರ್ಷಗಟ್ಟಲೆ ಸಮೀಕ್ಷೆ ಮಾಡಿ ಇಪ್ಪತ್ತು ವರ್ಷದ ಮಹಾಯೋಜನೆ ಬರೆದರೆ, ಅದು ಅಚ್ಚಾಗಿ ಬರುವಷ್ಟರಲ್ಲಿ ಊರು ಬೇರೆಯದೇ ಆಗಿರುತ್ತದೆ, ಆದ್ದರಿಂದ ಸ್ಥೂಲವಾದ ಮಾರ್ಗಸೂಚಿ ಇಟ್ಟುಕೊಂಡು ತುರ್ತಿನ ಕೆಲಸ ಮಾಡುತ್ತ, ಮಾಡಿದ್ದರಿಂದ ಕಲಿಯುತ್ತ ತಿದ್ದಿಕೊಳ್ಳಬೇಕು. ಬೆಂಗಳೂರು, ಭುವನೇಶ್ವರ, ದೆಹಲಿಗಳ ಅನುಭವವಿಲ್ಲದೆ ಈ ಮಾತು ಹೊರಡುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಲಂಡನ್ನಿನ ತರಗತಿಯಲ್ಲಿ ಆಫ್ರಿಕಾ, ಏಷ್ಯಾದ ವಿದ್ಯಾರ್ಥಿಗಳಿಗೆ ಕಲಿಸಿದ ಪಾಠದ ಒಂದು ಪಾಲು ಮೈಸೂರು ಸಂಸ್ಥಾನದ ಕಚೇರಿಗಳಲ್ಲಿ ತಯಾರಾದದ್ದು. ಅದೇ ಹೊತ್ತಿಗೆ ಭಾರತದಲ್ಲಿ ಏನಾಗುತ್ತಿತ್ತು? ಆಲ್ಬರ್ಟ್ ಮೇಯರ್ ನೇತೃತ್ವದ ಫೋರ್ಡ್ ಪ್ರತಿಷ್ಠಾನದ ತಂಡದ ನೆರವಿನಿಂದ ದೆಹಲಿಯ 1962ರ ಮಹಾಯೋಜನೆ ಸಿದ್ಧವಾಗಿ, ಅದೇ ಇಡೀ ದೇಶಕ್ಕೆ ಅಚ್ಚಾಗುತ್ತಿತ್ತು. ಇಲ್ಲಿ ಕಲಿತವನ ಎಚ್ಚರಿಕೆ ಹೊರಗೆ ಹೋಯಿತು, ಅವನು ಎಚ್ಚರಿಸಿದ ವಸ್ತು ಒಳಗೆ ಬಂತು.

ಶಾಲೆಗಳ ಲೆಕ್ಕಕ್ಕೆ ಬರೋಣ. ಜಗತ್ತಿನ ಮೊದಲ ನಗರ ಯೋಜನಾ ವಿಭಾಗ 1909ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ, ಸಾಬೂನು ಉದ್ಯಮಿ ವಿಲಿಯಂ ಲೀವರನ ಹಣದಿಂದ ಶುರುವಾಯಿತು. ಭಾರತದಲ್ಲಿ 1955ರಲ್ಲಿ ದೆಹಲಿಯ ಶಾಲೆ, 1972ರಲ್ಲಿ ಅಹಮದಾಬಾದಿನ ಸೆಪ್ಟ್ ಸಂಸ್ಥೆಯ ಯೋಜನಾ ಶಾಲೆ ಬಂದವು. ಮೈಸೂರು ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆ ಬಹುಕಾಲದಿಂದ ಈ ಸ್ನಾತಕೋತ್ತರ ಪಾಠ ನಡೆಸಿಕೊಂಡು ಬಂದಿದೆ. ವಿಶ್ವಸಂಸ್ಥೆಯ ಹ್ಯಾಬಿಟಾಟ್ 2009ರಲ್ಲಿ ಮಾಡಿದ ಎಣಿಕೆಯಲ್ಲಿ ಜಗತ್ತಿನಲ್ಲಿ ಸುಮಾರು 550 ವಿಶ್ವವಿದ್ಯಾಲಯಗಳು ಈ ಪದವಿ ಕೊಡುತ್ತಿದ್ದವು, ಅವುಗಳಲ್ಲಿ ಶೇಕಡ 60ರಷ್ಟು ಹತ್ತೇ ದೇಶಗಳಲ್ಲಿದ್ದವು. ಭಾರತದ ಮಟ್ಟಿಗೆ ನೀತಿ ಆಯೋಗದ 2021ರ ವರದಿ ಇನ್ನೂ ಮುಜುಗರ ತರುವಂಥದ್ದು: ದೇಶದ ಸುಮಾರು 7,900 ಪಟ್ಟಣ ಪ್ರದೇಶಗಳಲ್ಲಿ ಶೇಕಡ 65ಕ್ಕೆ ಮಹಾಯೋಜನೆಯೇ ಇಲ್ಲ, ರಾಜ್ಯಗಳ ಯೋಜನಾ ಇಲಾಖೆಗಳಿಗೆ 12,000ಕ್ಕೂ ಹೆಚ್ಚು ಯೋಜಕರು ಬೇಕಿರುವಲ್ಲಿ ಮಂಜೂರಾದ ಹುದ್ದೆಗಳು 4,000ಕ್ಕೂ ಕಡಿಮೆ, ಅವುಗಳಲ್ಲೂ ಅರ್ಧದ ಹತ್ತಿರ ಖಾಲಿ. ಹಲವು ರಾಜ್ಯಗಳಲ್ಲಿ ಈ ಹುದ್ದೆಗೆ ಯೋಜನೆಯ ಪದವಿ ಕಡ್ಡಾಯವೂ ಅಲ್ಲ. ಖಾಲಿ ಬಿಟ್ಟ ಜಾಗವನ್ನು ಯಾರಾದರೂ ತುಂಬಲೇಬೇಕು, ಸಲಹಾ ಸಂಸ್ಥೆಗಳು ತುಂಬಿವೆ. ಬೆಂಗಳೂರಿನ 2015ರ ಮಹಾಯೋಜನೆಯನ್ನು ಫ್ರೆಂಚ್ ಸಂಸ್ಥೆ ಸಿದ್ಧಪಡಿಸಿತು, 2031ರ ಕರಡನ್ನು ಡಚ್ ಮೂಲದ ಸಂಸ್ಥೆ ಬರೆಯಿತು. ಕರಡು ಕರಡಾಗಿಯೇ ಉಳಿಯಿತು. ಹೊರಗಿನವರು ಬರೆದರು ಎನ್ನುವುದು ದೂರಲ್ಲ. ಬರೆದು ಹೋದ ಮೇಲೆ ಆ ಅರಿವು ಇಲಾಖೆಯಲ್ಲಾಗಲಿ ವಿಶ್ವವಿದ್ಯಾಲಯದಲ್ಲಾಗಲಿ ಉಳಿಯಲು ಒಂದು ನೆಲೆಯಿಲ್ಲ ಎನ್ನುವುದು ದೂರು.

ಸಿಂಗಪುರದ ಮೋಹವನ್ನೇ ನೋಡಿ. ಎಸ್. ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಬೆಂಗಳೂರನ್ನು ಸಿಂಗಪುರ ಮಾಡುವ ಮಾತು ಮನೆಮಾತಾಗಿತ್ತು. ಆಂಧ್ರಪ್ರದೇಶ ಒಂದು ಹೆಜ್ಜೆ ಮುಂದೆ ಹೋಗಿ ಅಮರಾವತಿಯ ಯೋಜನೆಯನ್ನು ಸಿಂಗಪುರದವರಿಂದಲೇ ಬರೆಸಿತು. 2019ರಲ್ಲಿ ಸರ್ಕಾರ ಬದಲಾದೊಡನೆ ಕೆಲಸ ನಿಂತಿತು, 2024ರಲ್ಲಿ ಸರ್ಕಾರ ಮತ್ತೆ ಬದಲಾದಾಗ ಹೊರಟಿತು. ಸಿಂಗಪುರದ ನಿಜವಾದ ಯಂತ್ರ ಗಾಜಿನ ಗೋಪುರಗಳಲ್ಲಿಲ್ಲ. 1960ರಲ್ಲಿ ಸ್ಥಾಪನೆಯಾದ ವಸತಿ ಮಂಡಳಿ, ಸರ್ಕಾರಕ್ಕೆ ಅಗ್ಗದ ದರದಲ್ಲಿ ಭೂಮಿ ಒದಗಿಸಿದ 1966ರ ಸ್ವಾಧೀನ ಕಾನೂನು, ಕಾರ್ಮಿಕರ ಭವಿಷ್ಯನಿಧಿಯ ಹಣವನ್ನು ಮನೆ ಕೊಳ್ಳಲು ಬಿಟ್ಟ 1968ರ ತೀರ್ಮಾನ ಈ ಮೂರೂ ಸೇರಿದ್ದರಿಂದ ಅಲ್ಲಿನ ನಿವಾಸಿಗಳಲ್ಲಿ ಸುಮಾರು ಶೇಕಡ 80 ಮಂದಿ ಸರ್ಕಾರ ಕಟ್ಟಿದ ಮನೆಗಳಲ್ಲಿದ್ದಾರೆ, ದೇಶದ ನೆಲದ ಬಹುಪಾಲು ಸರ್ಕಾರದ್ದು. ಒಂದೇ ಮಟ್ಟದ ಸರ್ಕಾರವಿರುವ ದ್ವೀಪರಾಷ್ಟ್ರ ಅದು. ವಿರೋಧಕ್ಕೆ ಅಲ್ಲಿದ್ದ ಜಾಗವೂ ಕಿರಿದು. ಆ ನಗರದ ಆರಂಭಿಕ ದಿಕ್ಕನ್ನು 1963ರಲ್ಲಿ ಸೂಚಿಸಿದ ವಿಶ್ವಸಂಸ್ಥೆಯ ಮೂವರ ತಂಡದಲ್ಲಿ ಇದೇ ಕೋನಿಗ್ಸ್‌ಬರ್ಗರ್ ಇದ್ದ ಎಂಬುದು ಇತಿಹಾಸದ ತಮಾಷೆ. ಇಷ್ಟನ್ನು ಬಿಚ್ಚಿ ಓದಿದ ವಿದ್ಯಾರ್ಥಿ ಸಿಂಗಪುರದಿಂದ ಏನನ್ನು ತರಬಹುದು, ಏನನ್ನು ತರಲಾಗದು, ಏನನ್ನು ತರಬಾರದು ಎಂದು ಬೇರ್ಪಡಿಸಬಲ್ಲ. ಚಿತ್ರವನ್ನಷ್ಟೇ ನೋಡಿ ಬಂದ ಸಚಿವರ ನಿಯೋಗ ಅದನ್ನು ಮಾಡಲಾರದು.

ಹುಬ್ಬಳ್ಳಿ-ಧಾರವಾಡದ ತ್ವರಿತ ಬಸ್ ಸಾರಿಗೆ ವ್ಯವಸ್ಥೆ (ಬಿಆರ್‌ಟಿಎಸ್) ಇನ್ನೂ ಹತ್ತಿರದ ಪಾಠ, ಇನ್ನೂ ಜಟಿಲ ಪಾಠ. ಬಸ್ಸಿಗೆ ಪ್ರತ್ಯೇಕ ದಾರಿ ಎಂಬ ಆಲೋಚನೆ 1974ರಲ್ಲಿ ಬ್ರೆಜಿಲಿನ ಕುರಿತಿಬಾದಲ್ಲಿ ನೆಲೆಕಂಡು, 2000ದಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಪ್ರಸಿದ್ಧವಾಗಿ, ಅಹಮದಾಬಾದನ್ನು ಹಾಯ್ದು, ವಿಶ್ವಬ್ಯಾಂಕಿನ ನೆರವಿನೊಡನೆ ಇಲ್ಲಿಗೆ ಬಂತು. ಸುಮಾರು 22 ಕಿಲೋಮೀಟರ್ ದಾರಿಯಲ್ಲಿ 2018ರಿಂದ ಚಿಗರಿ ಬಸ್ಸುಗಳು ಓಡುತ್ತಿವೆ. ಅವುಗಳಲ್ಲಿ ಕೂತವರಿಗೆ ಪ್ರಯಾಣ ಚುರುಕಾಗಿದೆ. ಪಕ್ಕದ ಉಳಿಕೆ ರಸ್ತೆಯಲ್ಲಿ ಸಿಕ್ಕಿಕೊಂಡವರು ಶಪಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಬೊಗೊಟಾದಲ್ಲಿ ಪೆಟ್ರೋಲಿನ ಮೇಲೆ ಹಾಕಿದ ನಗರ ತೆರಿಗೆಯ ಒಂದು ಭಾಗ ಈ ವ್ಯವಸ್ಥೆಗೆ ಮೀಸಲಾಗಿತ್ತು, ಖಾಸಗಿ ಬಸ್ ಮಾಲೀಕರನ್ನೇ ಗುತ್ತಿಗೆಯ ಮೂಲಕ ಒಂದು ಸಾರ್ವಜನಿಕ ಸಂಸ್ಥೆಯ ಕೆಳಗೆ ತರಲಾಗಿತ್ತು. ಇಲ್ಲಿ ಇಂಧನ ತೆರಿಗೆ ಮಹಾನಗರ ಪಾಲಿಕೆಯ ಕೈಯಲ್ಲಿಲ್ಲ. ಬೇಂದ್ರೆ ಸಾರಿಗೆಯ ಖಾಸಗಿ ಬಸ್ಸುಗಳು ಅದೇ ದಾರಿಯ ಅದೇ ಪ್ರಯಾಣಿಕರಿಗಾಗಿ ಪೈಪೋಟಿಗಿದ್ದವು. ಅವಳಿ ನಗರದ ನಡುವಣ ಒಂದೇ ಹೆದ್ದಾರಿಗೆ ಪರ್ಯಾಯ ದಾರಿಗಳೂ ಕಡಿಮೆ. ಬಸ್ ನಿಲ್ದಾಣದ ವಿನ್ಯಾಸ ಬಂದಷ್ಟು ಸುಲಭವಾಗಿ ಇವು ಯಾವುವೂ ಬರಲಾರವು. ನಮ್ಮ ಯೋಜನಾ ಶಾಲೆಗಳು ಈ ಕಾರಿಡಾರನ್ನು ಯಶಸ್ಸು, ಸೋಲು ಎಂಬ ಚೀಟಿ ಅಂಟಿಸದೆ ಐದಾರು ವರ್ಷ ಬಿಡದೆ ಓದಿದರೆ, ಮೈಸೂರಿಗೋ ಮಂಗಳೂರಿಗೋ ನಾಳೆ ಬರುವ ಪ್ರಸ್ತಾವಕ್ಕೆ ಬೊಗೊಟಾದ ಪುಸ್ತಕಕ್ಕಿಂತ ಅದು ಹೆಚ್ಚು ನೆರವಾದೀತು.

ಒಂದು ಊರನ್ನು ಆಳವಾಗಿ ಓದುವುದು ಎಂದರೆ ಭಾವುಕ ಸ್ಥಳೀಯತೆ ಎಂದು ತಪ್ಪು ತಿಳಿಯಬಾರದು. ಕರ್ನಾಟಕದ ಯಾವುದೇ ಊರಿನ ಅಂಚಿನಲ್ಲಿ ನಗರ ಬೆಳೆಯುವುದು ವಲಯ ನಕ್ಷೆಯ ಬಣ್ಣಗಳಂತೆ ಅಲ್ಲ. ಪಹಣಿ, ಗ್ರಾಮಠಾಣ, ಗೋಮಾಳ, ಖರಾಬು, ಭೂಪರಿವರ್ತನೆಯ ಆದೇಶ, ಕಂದಾಯ ನಿವೇಶನ, ಬಿ ಖಾತೆ, ಅಕ್ರಮ-ಸಕ್ರಮ ಇವುಗಳ ಸಂದಿಯಲ್ಲಿ ಅದು ಬೆಳೆಯುತ್ತದೆ. ಲಕ್ಷಾಂತರ ಜನ ಮನೆ ಕಟ್ಟಿಕೊಂಡಿರುವುದು ಇದೇ ಸಂದಿಯಲ್ಲಿ. ಇದನ್ನು ಬರೀ ಉಲ್ಲಂಘನೆ ಎಂದು ಕಲಿಸುವ ಪಾಠ ತಹಸೀಲ್ದಾರ್ ಕಚೇರಿಯ ಗುಮಾಸ್ತನಿಗೆ ಗೊತ್ತಿರುವಷ್ಟನ್ನೂ ಯೋಜಕನಿಗೆ ತಿಳಿಸುವುದಿಲ್ಲ. ಹಾಗೆಯೇ ಬೆಂಗಳೂರಿನ ನೀರು. ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಲ್ಲಿ ಒಂದು ಕೆರೆಯ ಕೋಡಿ ಹರಿದರೆ ಇನ್ನೊಂದಕ್ಕೆ ನೀರು ಎಂಬಂತೆ ಕಟ್ಟಿದ ಸರಪಳಿ ಅದು. ರಾಜಕಾಲುವೆ ಅದರ ನರ. ಮಳೆನೀರು ಚರಂಡಿಯ ಅಳತೆಯನ್ನು ಕೈಪಿಡಿಯ ಸೂತ್ರದಿಂದ ತೆಗೆಯುವುದು ಕಲಿತರೆ ಸಾಲದು, ಕೆಳಗಿನ ಕೆರೆಯ ತೂಬು ಯಾರ ಸುಪರ್ದಿಯಲ್ಲಿದೆ ಎಂಬುದೂ ಗೊತ್ತಿರಬೇಕು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಐಟಿ ಕಂಪನಿಗಳ ಬಾಗಿಲಿಗೆ ನೀರು ಬಂದಾಗ ಜಾಗತಿಕ ನಗರಕ್ಕೆ ಈ ಹಳೆಯ ಜಲಪಾಠ ಮತ್ತೆ ನೆನಪಾಯಿತು, ಕೆಲ ವಾರಗಳ ಮಟ್ಟಿಗಾದರೂ.

ಬೇರೆಡೆ ಇಂಥ ಶಿಕ್ಷಣವನ್ನು ನಿಜವಾಗಿ ಪ್ರಯತ್ನಿಸಿದ್ದಾರೆಯೇ? ಆಫ್ರಿಕಾದಲ್ಲಿ ಪ್ರಯತ್ನಿಸಿದ್ದಾರೆ, ಅದರ ಬೇರಿನ ಒಂದು ಎಳೆ ಅಚ್ಚರಿಯೆನ್ನುವಂತೆ ಕೋಲಾರದವರೆಗೆ ಬರುತ್ತದೆ. ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದ ಜೋಕಿನ್ ಅರ್ಪುತಮ್ ಮುಂಬೈಯ ಕೊಳೆಗೇರಿಗಳಲ್ಲಿ ನೆಲೆಸಿ, ಅಲ್ಲಿನ ನಿವಾಸಿಗಳ ರಾಷ್ಟ್ರೀಯ ಒಕ್ಕೂಟ ಕಟ್ಟಿದರು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು, 2018ರಲ್ಲಿ ತೀರಿಕೊಂಡರು. ಸ್ಪಾರ್ಕ್ ಸಂಸ್ಥೆ ಮತ್ತು ಮಹಿಳಾ ಮಿಲನ್ ಜೊತೆ ಆ ಒಕ್ಕೂಟ ರೂಢಿಸಿದ ವಿಧಾನ ಸರಳವಾಗಿತ್ತು: ಸರ್ಕಾರದ ಲೆಕ್ಕದಲ್ಲಿ ಇಲ್ಲದವರು ತಮ್ಮನ್ನು ತಾವೇ ಎಣಿಸಿಕೊಳ್ಳುವುದು, ಗುಡಿಸಲು ಗುಡಿಸಲಿಗೆ ಹೋಗಿ ಅಳೆದು, ಬರೆದು, ಆ ಕಾಗದ ಹಿಡಿದು ಅಧಿಕಾರಿಯ ಮುಂದೆ ಕೂರುವುದು. ಪಾದಚಾರಿ ಮಾರ್ಗದ ನಿವಾಸಿಗಳನ್ನು ಸ್ಪಾರ್ಕ್ 1985ರಲ್ಲಿ ಮುಂಬೈಯಲ್ಲಿ ಎಣಿಸಿದ್ದು ಇದಕ್ಕೆ ಬುನಾದಿ. 1996ರಲ್ಲಿ ಹಲವು ದೇಶಗಳ ಕೊಳೆಗೇರಿ ಒಕ್ಕೂಟಗಳು ಒಂದು ಅಂತರರಾಷ್ಟ್ರೀಯ ಜಾಲವಾದವು, ಈ ವಿಧಾನ ದಕ್ಷಿಣ ಆಫ್ರಿಕಾ, ಕೆನ್ಯಾ, ಉಗಾಂಡಾಗಳಿಗೆ ಹಬ್ಬಿತು.

ಅತ್ತ ಆಫ್ರಿಕಾದ ಯೋಜನಾ ಶಾಲೆಗಳು 1999ರಲ್ಲಿ ತಮ್ಮದೊಂದು ಸಂಘ ಕಟ್ಟಿಕೊಂಡಿದ್ದವು. ಅವರ ಸಮಸ್ಯೆ ನಮಗೆ ತೀರ ಪರಿಚಿತ: ಕಾನೂನು ಬ್ರಿಟಿಷರ ಕಾಲದ್ದು, ಪಠ್ಯ ಅದೇ ಕಾನೂನಿನ ನೆರಳು, ಊರಿನ ಬಹುಭಾಗ ಆ ಕಾನೂನಿಗೆ ಹೊರಗು. ಕೇಪ್‌ಟೌನ್ ವಿಶ್ವವಿದ್ಯಾಲಯದ ವನೆಸ್ಸಾ ವಾಟ್ಸನ್, ಜಗತ್ತಿನ ದಕ್ಷಿಣದ ನಗರಗಳ ಅನುಭವದಿಂದಲೇ ಯೋಜನೆಯ ಸಿದ್ಧಾಂತ ಕಟ್ಟಬೇಕೆಂದು ವಾದಿಸುತ್ತ, ಪಠ್ಯಕ್ರಮ ಬದಲಿಸುವ ಕೆಲಸಕ್ಕೂ ಕೈ ಹಾಕಿದರು. 2010ರಲ್ಲಿ ಆ ಸಂಘ ಕೊಳೆಗೇರಿ ನಿವಾಸಿಗಳ ಜಾಲದೊಡನೆ ಒಪ್ಪಂದ ಮಾಡಿಕೊಂಡಿತು. ವಿದ್ಯಾರ್ಥಿಗಳ ಸ್ಟುಡಿಯೊ ಕೆಲಸ ನಿವಾಸಿಗಳ ಜೊತೆ, ಅವರ ಪ್ರಶ್ನೆಯ ಮೇಲೆ ನಡೆಯತೊಡಗಿತು. ನೈರೋಬಿಯ ಮಥಾರೆ ಕಣಿವೆಯಲ್ಲಿ ಅಲ್ಲಿನ ವಿಶ್ವವಿದ್ಯಾಲಯ, ಕ್ಯಾಲಿಫೋರ್ನಿಯಾದ ಬರ್ಕ್‌ಲಿಯ ವಿಶ್ವವಿದ್ಯಾಲಯ, ನಿವಾಸಿಗಳ ಒಕ್ಕೂಟ ಸೇರಿ ಯೋಜನೆ ಬರೆದವು. 2017ರಲ್ಲಿ ನೈರೋಬಿ ಆಡಳಿತ ಮುಕುರು ಎಂಬ ದೊಡ್ಡ ಕೊಳೆಗೇರಿ ಪ್ರದೇಶವನ್ನು ವಿಶೇಷ ಯೋಜನಾ ಪ್ರದೇಶವೆಂದು ಘೋಷಿಸಿದಾಗ, ಸಾಮಾನ್ಯ ನಿಯಮಗಳನ್ನು ಬದಿಗಿಟ್ಟು ಆ ನೆಲಕ್ಕೆ ತಕ್ಕ ನಿಯಮ ಬರೆಯಲು ಅವಕಾಶವಾಯಿತು. ವಿಶ್ವವಿದ್ಯಾಲಯಗಳು ಆ ಕೆಲಸದಲ್ಲೂ ಇದ್ದವು. ಮುಂಬೈಯ ಪಾದಚಾರಿ ಮಾರ್ಗದಲ್ಲಿ ರೂಪುಗೊಂಡ ಎಣಿಕೆಯ ಕ್ರಮ ನೈರೋಬಿಯಲ್ಲಿ ಬೇರೆ ಕಾನೂನಿನ ಮೂಲಕ ಬೇರೆಯದೇ ಫಲ ಕೊಟ್ಟದ್ದನ್ನು ಗಮನಿಸಬೇಕು. ಆ ವಿಧಾನ ತನ್ನ ಮಣ್ಣಿನ ಸಮೇತ ಪ್ರಯಾಣ ಮಾಡಿತ್ತು, ಏಕೆಂದರೆ ಅದನ್ನು ಹೊತ್ತು ಹೋದವರು ಆ ಬದುಕನ್ನೇ ಬಾಳಿದವರು. ಜಾಗತಿಕ ಶಿಕ್ಷಣ ಎಂದರೆ ಇದಕ್ಕಿಂತ ಜಾಗತಿಕವಾದದ್ದು ಇನ್ನಾವುದು? ಎರಡು ವಾರದ ವಿದೇಶ ಪ್ರವಾಸವನ್ನು ಸ್ಟುಡಿಯೊ ಎಂದು ಕರೆದು ಪೋಸ್ಟರ್ ಮಾಡಿ ಮರಳುವ ಶ್ರೀಮಂತ ವಿಶ್ವವಿದ್ಯಾಲಯಗಳ ರೂಢಿಯೊಡನೆ ಹೋಲಿಸಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಈ ವಾದಕ್ಕೆ ಬರುವ ಆಕ್ಷೇಪಣೆಗಳಲ್ಲಿ ಮೊದಲನೆಯದು ವಿಜ್ಞಾನದ ಕಡೆಯಿಂದ. ಸಂಚಾರದ ಗಣಿತ, ಉಪಗ್ರಹ ಚಿತ್ರ, ಹವಾಮಾನ ಬದಲಾವಣೆಯ ಅಂದಾಜು ಇವುಗಳಿಗೆ ಊರೂರಿಗೊಂದು ಬಗೆಯಿಲ್ಲ. ಪದವೀಧರರು ದುಬೈಗೂ ಟೊರಾಂಟೊಗೂ ಕೆಲಸಕ್ಕೆ ಹೋಗುತ್ತಾರೆ, ಅವರನ್ನು ಪಹಣಿಯಲ್ಲಿ ಕಟ್ಟಿಹಾಕುವುದು ಅನ್ಯಾಯ. ಮೊದಲ ಭಾಗವನ್ನು ಒಪ್ಪಲೇಬೇಕು. ಗಣಿತ ಎಲ್ಲೆಡೆಯೂ ಗಣಿತವೇ, ಅದನ್ನು ಚೆನ್ನಾಗಿ ಕಲಿಸದಿರುವುದಕ್ಕೆ ಸ್ಥಳೀಯತೆ ನೆಪವಾಗಬಾರದು. ಆದರೆ ಗಣಿತಕ್ಕೆ ಉಣಿಸುವ ಅಂಕಿ ಎಲ್ಲಿಂದ ಬರುತ್ತದೆ? ನಡೆದು ಹೋಗುವವರು, ಮನೆಗೆಲಸಕ್ಕೆ ಮೂರು ಮನೆ ಸುತ್ತುವ ಹೆಂಗಸರು, ಒಂದೇ ಬೈಕಿನಲ್ಲಿ ಹೋಗುವ ನಾಲ್ವರು, ಕಾರು ಲೆಕ್ಕ ಹಾಕಲು ಹುಟ್ಟಿದ ನಮೂನೆಯಲ್ಲಿ ಸರಿಯಾಗಿ ಬೀಳುವುದಿಲ್ಲ. ಎರಡನೆಯ ಭಾಗಕ್ಕೆ ಉತ್ತರ ಇನ್ನೂ ಸರಳ: ಒಂದು ಊರಿನ ಭೂದಾಖಲೆಯನ್ನು ಬಿಡಿಸಿ ಓದಿದವನು ಟೊರಾಂಟೊದಲ್ಲೂ ಮೊದಲು ಕೇಳುವುದು ಇಲ್ಲಿ ಭೂಮಿ ಯಾರದು, ತೆರಿಗೆ ಯಾರಿಗೆ ಎಂಬ ಪ್ರಶ್ನೆಯನ್ನೇ. ಹೊರಗೆ ಹೋಗುವ ಪದವೀಧರನ ಜೊತೆಗೆ ಹೋಗುವುದು ಆ ಪ್ರಶ್ನೆ ಕೇಳುವ ಅಭ್ಯಾಸ.

ಎರಡನೆಯ ಆಕ್ಷೇಪಣೆ ಗಂಭೀರವಾದದ್ದು. ಸ್ಥಳೀಯ ಜ್ಞಾನವೆಂದು ನಾವು ಕೊಂಡಾಡುವುದರಲ್ಲಿ ಕೇರಿ ಇದೆ, ಅಗ್ರಹಾರವಿದೆ. ಬಾಡಿಗೆಗೆ ಮನೆ ಕೇಳಿದವರ ಜಾತಿ ಕೇಳುವ ಊರು ಅದು. ಹೊರಗಿನ ತತ್ವಗಳೇ ಎಷ್ಟೋ ಬಾರಿ ಇದನ್ನು ಪ್ರಶ್ನಿಸಿದ್ದು. ಇದು ನಿಜ, ಮತ್ತು ಸ್ಥಳೀಯವಾದಿಗಳು ಇದಕ್ಕೆ ಉತ್ತರ ಕೊಡದೆ ಜಾರಿಕೊಳ್ಳುತ್ತಾರೆ. ಆದರೆ ಆಧುನಿಕ ಯೋಜನೆ ಬಂದೊಡನೆ ಜಾತಿ ಹೋಯಿತೆನ್ನುವುದೂ ಸುಳ್ಳು. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಪ್ಲೇಗಿನ ಆಸುಪಾಸಿನಲ್ಲಿ, ಮಲ್ಲೇಶ್ವರ, ಬಸವನಗುಡಿಗಳನ್ನು ಚೌಕಾಕಾರದ ಆಧುನಿಕ ಬಡಾವಣೆಗಳಾಗಿ ಹಾಕಿದಾಗ ನಿವೇಶನಗಳನ್ನು ಸಮುದಾಯವಾರು ವಿಂಗಡಿಸಿದ್ದರು. ನೇರ ರಸ್ತೆಗಳ ನಕ್ಷೆ ಹಳೆಯ ವಿಂಗಡಣೆಯನ್ನು ಅಚ್ಚುಕಟ್ಟಾಗಿ ಮುಂದುವರಿಸಿತು. ಇದನ್ನು ಪತ್ತೆಹಚ್ಚಲು ವಿದ್ಯಾರ್ಥಿಗೆ ಬೇಕಾದದ್ದು ಸಮಾನತೆಯ ತತ್ವವೂ ಹೌದು, ಹಂಚಿಕೆಯ ಕಡತ ಓದುವ ತಾಳ್ಮೆಯೂ ಹೌದು. ಊರನ್ನು ಓದುವುದು ಬೇರೆ, ಊರು ಹೇಳಿದ್ದಕ್ಕೆ ತಲೆಯಾಡಿಸುವುದು ಬೇರೆ.

ಮೂರನೆಯವರು ಕೇಳುವುದು ಹೀಗೆ: ಪಠ್ಯ ಬದಲಿಸಿ ಏನು ಪ್ರಯೋಜನ? ಬಡಾವಣೆ ಎಲ್ಲಿ ಬರಬೇಕು, ಯಾವ ಸರ್ವೆ ನಂಬರ್ ಬಿಡಬೇಕು ಎಂದು ತೀರ್ಮಾನಿಸುವವರು ಯೋಜಕರಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರ ಯೋಜನೆಯನ್ನು ಹನ್ನೆರಡನೆಯ ಅನುಸೂಚಿಯ ಮೊದಲ ಬಾಬ್ತಾಗಿ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದೆಂದಿದ್ದರೂ, ಬೆಂಗಳೂರಿನ ಮಹಾಯೋಜನೆಯನ್ನು ಬರೆಯುವ ಹೊಣೆ ದಶಕಗಳ ಕಾಲ ಚುನಾಯಿತವಲ್ಲದ ಬಿಡಿಎ ಬಳಿಯೇ ಉಳಿಯಿತು. ಈ ಆಕ್ಷೇಪಣೆಯ ಮುಂದೆ ಯೋಜನಾ ಶಿಕ್ಷಕರು ವಿನಯದಿಂದಿರುವುದು ಒಳ್ಳೆಯದು. ಶಿಕ್ಷಣ ಅಧಿಕಾರವನ್ನು ಬದಲಿಸುವುದಿಲ್ಲ. ಆದರೂ ಅಧಿಕಾರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಪಾಠದ ವಸ್ತುವಾಗಿಸದ ಶಿಕ್ಷಣ, ಅದರ ಸೇವೆಗೆ ಬಣ್ಣದ ನಕ್ಷೆ ಒದಗಿಸುವುದರಲ್ಲಿ ಕೊನೆಯಾಗುತ್ತದೆ. ಮಹಾಯೋಜನೆಯ ಕರಡಿನ ಮೇಲೆ ಆಕ್ಷೇಪಣೆ ಸಲ್ಲಿಸಲು ಕಾನೂನು ಜನರಿಗೆ ಅವಕಾಶ ಕೊಟ್ಟಿದೆ. ಇಂಗ್ಲಿಷಿನ ಸಂಪುಟಗಳನ್ನು, ಸರ್ವೆ ನಂಬರ್ ಕಾಣದ ನಕ್ಷೆಯನ್ನು ಹಿಡಿದು ಆನೇಕಲ್ಲಿನ ರೈತ ಅದನ್ನು ಬಳಸುವುದು ಹೇಗೆ? ಒಂದು ಕರಡನ್ನು ಗ್ರಾಮವಾರು ಬಿಡಿಸಿ, ಕನ್ನಡದಲ್ಲಿ, ಯಾರ ಹೊಲದ ಮೇಲೆ ಏನು ಬರುತ್ತದೆ ಎಂದು ತಿಳಿಸಿ ಬರೆಯುವುದನ್ನು ಪದವಿಯ ಕಡ್ಡಾಯ ಕೆಲಸವಾಗಿಸಲು ಯಾವ ಕ್ರಾಂತಿಯೂ ಬೇಕಿಲ್ಲ.

ಬೇಕಾಗಿರುವುದು ಹಣ ಮತ್ತು ಕಾಲ, ಎರಡೂ ಸುಲಭವಲ್ಲ. ಆಫ್ರಿಕಾದ ಪ್ರಯೋಗ ಬಹುಮಟ್ಟಿಗೆ ಹೊರಗಿನ ದೇಣಿಗೆಯ ಮೇಲೆ ನಡೆಯಿತು, ದೇಣಿಗೆಗೆ ಅವಧಿಯಿರುತ್ತದೆ. ಒಂದು ಊರನ್ನು ವರ್ಷಗಟ್ಟಲೆ ಹಿಂಬಾಲಿಸುವ ಸ್ಟುಡಿಯೊಗೆ ಒಂದೇ ಕಡೆ ನೆಲೆ ನಿಲ್ಲುವ ಅಧ್ಯಾಪಕರು ಬೇಕು. ಅತಿಥಿ ಉಪನ್ಯಾಸಕರ ಮೇಲೆ ನಡೆಯುವ ವಿಭಾಗಕ್ಕೆ ಅದು ಆಗದ ಮಾತು. ಕೊಳೆಗೇರಿಯವರ ಬಳಿ ಪ್ರತಿ ವರ್ಷ ಹೊಸ ತಂಡ ಹೋಗಿ ಅದೇ ಪ್ರಶ್ನಾವಳಿ ತುಂಬಿಸಿದರೆ ಅವರು ಬೇಸತ್ತು ಬಾಗಿಲು ಹಾಕುತ್ತಾರೆ, ಅದು ಅವರ ಹಕ್ಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಶೇಕಡ 38ಕ್ಕೂ ಹೆಚ್ಚು ಜನ ಪಟ್ಟಣವಾಸಿಗಳು, ಅವರೆಲ್ಲ ಬೆಂಗಳೂರಿನಲ್ಲಿಲ್ಲ. ಗಂಗಾವತಿ, ರಾಣೆಬೆನ್ನೂರು, ಚಿಂತಾಮಣಿಯಂಥ ಊರುಗಳಿಗೆ ಯಾವ ಅಂತರರಾಷ್ಟ್ರೀಯ ಸಲಹೆಗಾರನೂ ಬರುವುದಿಲ್ಲ, ಬಂದರೂ ಅವನ ಶುಲ್ಕ ಕೊಡಲು ಪುರಸಭೆ, ನಗರಸಭೆಗಳ ಬಳಿ ದುಡ್ಡಿಲ್ಲ. ಆ ಊರುಗಳ ನಗರ ಯೋಜನಾ ಪ್ರಾಧಿಕಾರಗಳೂ ಹತ್ತಿರದ ವಿಶ್ವವಿದ್ಯಾಲಯಗಳೂ ಐದು ವರ್ಷದ ಕರಾರು ಮಾಡಿಕೊಂಡು, ವಿದ್ಯಾರ್ಥಿಗಳ ಕೆಲಸವನ್ನು ಇಲಾಖೆಯ ದಾಖಲೆಯಾಗಿ ಸ್ವೀಕರಿಸುವ ವ್ಯವಸ್ಥೆಯಾದರೆ ಎರಡು ಕಡೆಯ ಕೊರತೆಯೂ ಒಂದಿಷ್ಟು ತುಂಬುತ್ತದೆ. ಅದಕ್ಕೆ ಮೊದಲು ಯೋಜಕರ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ಬರಬೇಕು, ಖಾಲಿ ಹುದ್ದೆಗಳಿಗೆ ಅರ್ಜಿ ಕರೆಯಬೇಕು. ಆ ಕಡತ ವಿಶ್ವವಿದ್ಯಾಲಯದಲ್ಲಿಲ್ಲ, ವಿಧಾನಸೌಧದಲ್ಲಿದೆ.